ಪಾನಿಪೂರಿಯವನದೇ ತಪ್ಪಾ?

ಮಳೆ ಶುರುವಾದರೆ ಮುಂಬೈಯಲ್ಲಿ ಹೊಟ್ಟೆ ಕೆಡುವುದು ಮಾಮೂಲು. ಮಾಟುಂಗದ ನಮ್ಮ ಕನ್ನಡದವರ ಗ್ರೂಪಿನಲ್ಲೂ ಈಗ ಅದೇ ಮಾತು. ಎಲ್ಲರೂ ಪಾನಿಪೂರಿ ಗಾಡಿಯವನ ಕಡೆಗೇ ಬೆರಳು ತೋರಿಸುತ್ತಾರೆ. ಪುರಾವೆ ಇಲ್ಲದೆ ಒಬ್ಬನ ಹೊಟ್ಟೆಪಾಡಿಗೆ ಕಲ್ಲು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಪುರಾವೆ ಕಾಯಿಲೆ ತಂದ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲೇ ಇರುತ್ತದೆ. 2017-18ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಲಿಸ್ಟೀರಿಯಾ ಎಂಬ, ಆಹಾರದಿಂದ ಬರುವ ಬ್ಯಾಕ್ಟೀರಿಯಾದಿಂದ ಸಾವಿರಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು. 200ಕ್ಕೂ ಹೆಚ್ಚು ಮಂದಿ ತೀರಿಕೊಂಡರು, ಅವರಲ್ಲಿ ಎಷ್ಟೋ ಹಸುಗೂಸುಗಳು. ರೋಗಿಗಳಿಂದ ತೆಗೆದ ಬ್ಯಾಕ್ಟೀರಿಯಾದ ಜೀನೋಮ್, ಅಂದರೆ ಪೂರ್ತಿ ಡಿಎನ್‌ಎ, ಓದಿದರೆ, ಬಹುಪಾಲು ಒಂದೇ ಬಗೆ: ಎಸ್‌ಟಿ6. ಅಂದರೆ ಮೂಲವೂ ಒಂದೇ ಇರಬೇಕು, ಅಲ್ವಾ? ಆದರೆ ಎಲ್ಲಿ?

ಅಲ್ಲಿನ ಸೋವೆಟೋ ಎಂಬ ಊರಿನ ಒಂದು ಶಿಶುವಿಹಾರದ ಮಕ್ಕಳು ಹುಷಾರು ತಪ್ಪಿದಾಗ, ಅವರು ಏನು ತಿಂದರು ಅಂತ ಯಾರೋ ಕೇಳಿದರು. ಪೊಲೋನಿ ಎಂಬ ತಣ್ಣನೆಯ ಮಾಂಸದ ತಿನಿಸು. ಅದರ ಜಾಡು ಹಿಡಿದು ಹೋದರೆ, ಅದನ್ನು ಮಾಡುವ ಕಾರ್ಖಾನೆಯೊಳಗೆ ಅದೇ ಎಸ್‌ಟಿ6 ಸಿಕ್ಕಿತು.

ಜೀನೋಮ್ ಓದುವ ಯಂತ್ರಕ್ಕಿಂತ, ‘ಏನು ತಿಂದರು’ ಎಂಬ ಆ ಒಂದು ಪ್ರಶ್ನೆ ನನಗೆ ದೊಡ್ಡದಾಗಿ ಕಾಣುತ್ತದೆ. ನಮ್ಮಲ್ಲಿ ಸುಮ್ನೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮುಗಿಸುತ್ತೇವೆ. ದಯವಿಟ್ಟು, ಡಾಕ್ಟರು ಮಲದ ಸ್ಯಾಂಪಲ್ ಕೇಳಿದರೆ ನಾಚಿಕೊಳ್ಳದೆ ಕೊಡಿ; ಬ್ಯಾಕ್ಟೀರಿಯಾದ ಪುರಾವೆ ಸಿಗುವುದು ಅದರಲ್ಲೇ.