ಸರಾಸರಿ 4.8 ಡಿಗ್ರಿ

ಬೆಂಗಳೂರಿನ ಒಂದು ಔಷಧ ಕಂಪನಿಯಲ್ಲಿ ದತ್ತಾಂಶ ವಿಶ್ಲೇಷಣಾ ತಂಡವನ್ನು ನೋಡಿಕೊಳ್ಳುವ ಕೆಲಸ ನನ್ನದು. ಇನ್ಸುಲಿನ್ ಮತ್ತು ಲಸಿಕೆಗಳ ಸಾಗಣೆಯ ಮೇಲೆ ಕಣ್ಣಿಡುವುದು ಅದರಲ್ಲಿ ದೊಡ್ಡ ಪಾಲು. ಇವು ಕಾರ್ಖಾನೆಯಿಂದ ಹೊರಟು ಊರು ತಲುಪುವವರೆಗೂ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕಾದ್ದರಿಂದ, ಪ್ರತಿ ಪೆಟ್ಟಿಗೆಯೊಳಗೂ ಹತ್ತು ನಿಮಿಷಕ್ಕೊಮ್ಮೆ ಉಷ್ಣಾಂಶವನ್ನು ದಾಖಲಿಸುವ ಪುಟ್ಟ ಲಾಗರ್ ಇರುತ್ತದೆ. ಮೂರು ದಿನದ ಪ್ರಯಾಣವೆಂದರೆ 432 ಅಂಕಿಗಳು. ನೂರಾರು ಪೆಟ್ಟಿಗೆಗಳ ಅಂಕಿಗಳನ್ನು ಯಾರೂ ಒಂದೊಂದಾಗಿ ನೋಡಲಾರರೆಂದು ನಾನೇ ಒಂದು ಪುಟದ ವರದಿಯನ್ನು ರೂಪಿಸಿದ್ದೆ: ಪೆಟ್ಟಿಗೆಗೊಂದು ಸರಾಸರಿ, 8 ಡಿಗ್ರಿ ಮೀರಿದ ಹೊತ್ತು, ಎಲ್ಲ ಸರಿಯಿದ್ದರೆ ಹಸಿರು ಬಣ್ಣ.

ಕಳೆದ ಮಳೆಗಾಲದಲ್ಲಿ ತಂಡದ ಕಿರಿಯ ಸಹೋದ್ಯೋಗಿಯೊಬ್ಬಳು ಉಷ್ಣಾಂಶದ ಏರಿಳಿತದ ಒಂದು ಗ್ರಾಫನ್ನು ತಂದು ತೋರಿಸಿದಳು. ಗುವಾಹಟಿಗೆ ಹೋದ ಪೆಟ್ಟಿಗೆ ಅದು, ಸರಾಸರಿ 4.8, ಬಣ್ಣ ಹಸಿರು. ಆದರೆ ಹೊರಟ ಎರಡನೆಯ ಗಂಟೆಯಲ್ಲಿ ಸಾಲಾಗಿ ಆರು ಅಂಕಿಗಳು ಸೊನ್ನೆಗಿಂತ ಕೆಳಗಿದ್ದವು. ನಮ್ಮ ಪ್ರೋಗ್ರಾಂ ಅವನ್ನು ಸೆನ್ಸರ್ ದೋಷವೆಂದು ಬದಿಗಿಟ್ಟಿತ್ತು. ಆ ನಿಯಮವನ್ನು ಬರೆದವಳು ನಾನು.

ಬಿಸಿ ಮಾಡುವ ಹಾನಿಯೂ ಶೀತ ಮಾಡುವ ಹಾನಿಯೂ ಒಂದೇ ಬಗೆಯವಲ್ಲ ಎಂಬುದನ್ನು ನಾನು ಬಲ್ಲೆ, ಆದರೂ ವರದಿಯಲ್ಲಿ ಮರೆತಿದ್ದೆ. ಬಿಸಿಯ ಹಾನಿ ಸಾಮಾನ್ಯವಾಗಿ ನಿಧಾನಕ್ಕೆ ಕೂಡಿಕೊಳ್ಳುತ್ತದೆ. ಇಡೀ ಪ್ರಯಾಣದ ಬಿಸಿಯ ಪರಿಣಾಮವನ್ನು ಒಂದೇ ಅಂಕಿಯಲ್ಲಿ ಹೇಳಲು ನಮ್ಮ ಉದ್ಯಮದಲ್ಲಿ ಬಳಸುವ ಸರಾಸರಿ ಚಲನ ಉಷ್ಣಾಂಶ ಎಂಬ ಲೆಕ್ಕವೂ ಹೆಚ್ಚಿನ ಉಷ್ಣಾಂಶಕ್ಕೇ ಹೆಚ್ಚು ತೂಕ ಕೊಡುತ್ತದೆ. ಹೆಪ್ಪುಗಟ್ಟುವುದು ಹಾಗಲ್ಲ, ಒಮ್ಮೆ ಆದರೆ ಸಾಕು. ಹೆಪಟೈಟಿಸ್ ಬಿ, ಡಿಪಿಟಿ ಮುಂತಾದ ಅಲ್ಯೂಮಿನಿಯಂ ಲವಣ ಬೆರೆತ ಲಸಿಕೆಗಳು ಹೆಪ್ಪುಗಟ್ಟಿದರೆ ಅವುಗಳ ಕಣಗಳು ಒಂದಕ್ಕೊಂದು ಅಂಟಿಕೊಂಡು ಶಕ್ತಿ ಕುಂದುತ್ತದೆ, ಮತ್ತೆ ಕರಗಿಸಿದರೆ ಅದು ಮರಳಿ ಬರುವುದಿಲ್ಲ. ಇನ್ಸುಲಿನ್ನನ್ನೂ ಹೆಪ್ಪುಗಟ್ಟಿದ ಮೇಲೆ ಬಳಸುವಂತಿಲ್ಲ. ಲಸಿಕೆಯ ಸೀಸೆಯ ಮೇಲಿನ ಬಣ್ಣ ಬದಲಿಸುವ ಗುರುತು ಬಿಸಿಯನ್ನು ಮಾತ್ರ ತೋರಿಸುತ್ತದೆ, ಶೀತವನ್ನು ತೋರಿಸುವುದಿಲ್ಲ. ಹಾಗಾಗಿ ಸೂಜಿ ಚುಚ್ಚುವ ದಾದಿಗೂ, ಚುಚ್ಚಿಸಿಕೊಳ್ಳುವ ಮಗುವಿನ ತಾಯಿಗೂ ತಿಳಿಯುವ ದಾರಿ ಸುಲಭವಾಗಿಲ್ಲ. ತಿಳಿಯಬೇಕಾಗಿದ್ದುದು ನಮಗೆ.

ಮರುದಿನ ನಾವಿಬ್ಬರೂ ಪ್ಯಾಕಿಂಗ್ ಕೋಣೆಗೆ ಹೋದೆವು. ಅಲ್ಲಿ ವರ್ಷಗಳಿಂದ ಪೆಟ್ಟಿಗೆ ಕಟ್ಟುತ್ತಿರುವ ಹಿರಿಯರೊಬ್ಬರು ಐಸ್ ಪ್ಯಾಕೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಒಳಗೆ ನೀರಿನ ಸದ್ದು ಬರಬೇಕು ಮೇಡಂ. ಬಂದ ಮೇಲೇ ಇಡಬೇಕು" ಎಂದರು. ಮೈನಸ್ 20 ಡಿಗ್ರಿಯ ಫ್ರೀಜರಿನಿಂದ ತೆಗೆದ ಪ್ಯಾಕ್ ಮೇಜಿನ ಮೇಲೆ ಸ್ವಲ್ಪ ಕರಗಿದರೆ ಸೊನ್ನೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ನೇರವಾಗಿ ಇಟ್ಟರೆ ಪಕ್ಕದ ಸೀಸೆಯನ್ನೇ ಹೆಪ್ಪುಗಟ್ಟಿಸುತ್ತದೆ. ಲಾರಿ ಬೇಗ ಬಂದ ಸಂಜೆಗಳಲ್ಲಿ ಕಾಯಲು ಹೊತ್ತು ಸಿಗುವುದಿಲ್ಲ ಎಂದೂ ಅವರು ಮುಚ್ಚುಮರೆಯಿಲ್ಲದೆ ಹೇಳಿದರು.

ನಾವು ಬದಿಗಿಟ್ಟಿದ್ದ ಅಂಕಿಗಳನ್ನೆಲ್ಲ ಮತ್ತೆ ತೆಗೆದು ಪೆಟ್ಟಿಗೆ ಕಟ್ಟಿದ ಸಮಯದೊಂದಿಗೆ ಜೋಡಿಸಿದಾಗ ಅವರ ಮಾತೇ ಕಣ್ಣಿಗೆ ಬಿತ್ತು: ಶೀತದ ಘಟನೆಗಳು ಬಹುಪಾಲು ಸಂಜೆಯ ಪೆಟ್ಟಿಗೆಗಳವು, ಎಲ್ಲವೂ ಪ್ರಯಾಣದ ಮೊದಲ ಮೂರು ಗಂಟೆಯೊಳಗಿನವು. ಸೆನ್ಸರ್ ಕೆಡುವುದಾದರೆ ಹೊತ್ತು ನೋಡಿ ಕೆಡುವುದಿಲ್ಲ. ಬದಿಗಿಟ್ಟ ಅಂಕಿಗಳನ್ನು ಹಾಗೆ ಮರಳಿ ಪಡೆಯಲು ಸಾಧ್ಯವಾದದ್ದು ಮೂಲ ದಾಖಲೆಯನ್ನು ಅಳಿಸುವಂತಿಲ್ಲ ಎಂಬ ಕಟ್ಟುನಿಟ್ಟಿನಿಂದ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1997ರಲ್ಲಿ ಜಾರಿಗೆ ತಂದ 21 ಸಿಎಫ್‌ಆರ್ ಭಾಗ 11ರಂಥ ನಿಯಮಗಳು, ವಿದ್ಯುನ್ಮಾನ ದಾಖಲೆಯನ್ನು ಯಾರು, ಯಾವಾಗ ಬದಲಿಸಿದರೆಂಬ ಜಾಡನ್ನು ಉಳಿಸಬೇಕೆನ್ನುತ್ತವೆ. ಈ ನಿಯಮಗಳನ್ನು ಬರಿಯ ಕಾಗದದ ಕೆಲಸವೆಂದು ಗೊಣಗುವವರಿದ್ದಾರೆ. ನನಗೆ ಅವುಗಳ ಬಗ್ಗೆ ಕೃತಜ್ಞತೆಯಿದೆ.

ಗುಣಮಟ್ಟ ವಿಭಾಗದವರು ಆ ಸರಕನ್ನು ತಡೆಹಿಡಿದು ನಾಶಪಡಿಸಿದರು. ವರದಿಯಲ್ಲೀಗ ಸರಾಸರಿಯ ಜಾಗದಲ್ಲಿ ಅತಿ ಕಡಿಮೆ ಉಷ್ಣಾಂಶವೂ ಸೊನ್ನೆಯ ಕೆಳಗೆ ಕಳೆದ ನಿಮಿಷಗಳೂ ಇವೆ; ಯಾವ ಅಂಕಿಯನ್ನು ಬಿಡಬೇಕಾದರೂ ಕಾರಣ ಬರೆದು ಸಹಿ ಹಾಕಬೇಕು. ಮೊದಲ ತಿಂಗಳು ಕೆಂಪು ಸಾಲುಗಳು ಹೆಚ್ಚಿದವು. ಸಾಗಣೆ ಹದಗೆಟ್ಟಿತೇಕೆ ಎಂದು ಸಭೆಯಲ್ಲಿ ಕೇಳಿದಾಗ, ಮೊದಲೂ ಹೀಗೆಯೇ ಇತ್ತು, ನಾನು ತೋರಿಸಿರಲಿಲ್ಲ ಎಂದು ಹೇಳಿದೆ.

ಪ್ಯಾಕಿಂಗ್ ನಮೂನೆಗೆ ಒಂದು ಹೊಸ ಅಂಕಣ ಸೇರಿದೆ: ಪ್ಯಾಕನ್ನು ಫ್ರೀಜರಿನಿಂದ ಹೊರತೆಗೆದ ಸಮಯ. ಆ ಹಿರಿಯರು ಅದನ್ನು ದುಂಡು ಅಕ್ಷರದಲ್ಲಿ ತುಂಬುತ್ತಾರೆ, ಮತ್ತು ದಿನಾ ಬೆಳಗ್ಗೆ ನಾನು ಮೊದಲು ನೋಡುವುದು ಅದನ್ನು.