ಮಲ್ಪೆ ದಕ್ಕೆಯಲ್ಲಿ ಒಬ್ಬ ಜಾಮೀನುದಾರ

ಕೋರ್ಟಿನ ನೋಟೀಸು ಹಿಡಿದು ಪೊಲೀಸರು ಬಂದಾಗ ನಾನು ತೋಟದಲ್ಲಿ ಮೂರನೇ ಸಲದ ಮದ್ದು ಬಿಡಿಸುತ್ತಿದ್ದೆ. ಕೈಯೆಲ್ಲ ಮೈಲುತುತ್ತು. ಸಹಿ ಹಾಕಿದ ಕಡೆ ನೀಲಿ ಬೆರಳಚ್ಚು ಬಿತ್ತು. ಒಳಗಿದ್ದದ್ದು ಇಷ್ಟೆ: ನೀವು ಜಾಮೀನು ನಿಂತ ಆರೋಪಿ ವಿಚಾರಣೆಗೆ ಬಂದಿಲ್ಲ, ಅವನ ಮೇಲೆ ವಾರಂಟ್ ಆಗಿದೆ, ಬಾಂಡಿನ 50,000 ರೂಪಾಯಿಯನ್ನು ನಿಮ್ಮಿಂದ ಯಾಕೆ ವಸೂಲು ಮಾಡಬಾರದು, ಬಂದು ಹೇಳಿ.

ಹುಡುಗ ನೆರೆಮನೆಯವನು. ಜಾತ್ರೆಯ ರಾತ್ರಿ ಹೊಡೆದಾಟವಾಗಿ ಒಳಗೆ ಹೋಗಿದ್ದ. ಅವನಮ್ಮ ಬಂದು ನಮ್ಮ ಚಾವಡಿಯಲ್ಲಿ ಕೂತು ಅತ್ತರು, ನನ್ನ ಹೆಂಡತಿಯೂ ಜೊತೆಗೆ ಅತ್ತಳು, ಇನ್ನು ನಾನೇನು ಮಾಡಲಿ? ಪಹಣಿ, ತೀರ್ವೆ ರಶೀದಿ, ಆಧಾರ್, ಎರಡು ಫೋಟೊ ತೆಗೆದುಕೊಂಡು ಉಡುಪಿ ಕೋರ್ಟಿಗೆ ಹೋದೆ. ಬೇರೆ ಯಾರಿಗಾದರೂ ಜಾಮೀನು ನಿಂತಿದ್ದೀರಾ ಎಂದು ನ್ಯಾಯಾಧೀಶರು ಕೇಳಿದರು. ಎಷ್ಟು ಜನರಿಗೆ ನಿಂತಿದ್ದೇವೆಂದು ಬರೆದು ಕೊಡಬೇಕೆಂದು ಕಾನೂನಿನಲ್ಲೇ ಉಂಟಂತೆ. ಇಲ್ಲ ಸ್ವಾಮಿ, ಇದೇ ಮೊದಲು ಎಂದೆ. ಕೊನೆಯದೂ ಹೌದು ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ನೋಟೀಸಿನ ಸುದ್ದಿ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ವಾಲಿಬಾಲ್ ಆಡುವ ಹುಡುಗರು ನಾಲ್ಕು ಮಂದಿ ಜೀಪು ತಂದು ಅಂಗಳದಲ್ಲಿ ನಿಲ್ಲಿಸಿದರು. "ಅಣ್ಣ, ನೀವು ಹೂಂ ಅನ್ನಿ ಸಾಕು. ಎಲ್ಲಿದ್ದರೂ ಎತ್ತಿಕೊಂಡು ಬರುವ." ಸೀಟಿನ ಕೆಳಗೆ ಒಂದು ಕತ್ತಿ ಕಂಡಿತು, ಹಾಳೆ ಕಡಿಯುವಂಥದ್ದೇ, ಹಿಡಿಗೆ ಹೊಸದಾಗಿ ಸೈಕಲ್ ಟ್ಯೂಬು ಸುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೂ ಸಿಟ್ಟಿತ್ತು. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇರುವ ಒಂದು ಕೋವಿ ನಮ್ಮಲ್ಲಿ ಅಪ್ಪನ ಕಾಲದಿಂದ ಉಂಟು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ಮತ್ತೆ ತರುವುದೇ ಅದರ ದೊಡ್ಡ ಕೆಲಸ. ಆ ರಾತ್ರಿ ಕಪಾಟಿನ ಕಡೆ ಎರಡು ಸಲ ನೋಡಿದೆ. ಬೀಗದ ಕೈ ಹೆಂಡತಿಯ ಸೆರಗಿನಲ್ಲಿತ್ತು.

ಅಮೆರಿಕದಲ್ಲಿರುವ ಅಳಿಯನಿಗೆ ಫೋನು ಮಾಡಿದರೆ ಅವನಿಗೆ ತಮಾಷೆ. ಅಲ್ಲಿ ಇದೊಂದು ಕಸುಬೇ ಅಂತೆ. ದುಡ್ಡು ತೆಗೆದುಕೊಂಡು ಆರೋಪಿಯ ಪರವಾಗಿ ಬಾಂಡು ಬರೆದುಕೊಡುವ ಕಂಪನಿಗಳು, ಆರೋಪಿ ಓಡಿಹೋದರೆ ಹುಡುಕಿ ತರಲು ಅವರದೇ ಆಳುಗಳು. ಜಾಮೀನುದಾರ ಅವನನ್ನು ಬೇರೆ ರಾಜ್ಯಕ್ಕೂ ಬೆನ್ನಟ್ಟಿ ಹೋಗಬಹುದು, ಬೇಕಾದರೆ ಮನೆ ಬಾಗಿಲು ಒಡೆದು ಹಿಡಿಯಬಹುದು, ಹೊಸ ವಾರಂಟೂ ಬೇಡ ಎಂದು ಅವರ ಸುಪ್ರೀಂ ಕೋರ್ಟು 1872ರ ಟೇಲರ್ ಮತ್ತು ಟೇಂಟರ್ ಪ್ರಕರಣದಲ್ಲಿ ಬರೆದಿತ್ತಂತೆ. ಈಗ ಹೆಚ್ಚಿನ ರಾಜ್ಯಗಳು ತಮ್ಮ ತಮ್ಮ ಕಟ್ಟುಪಾಡು ಹಾಕಿವೆ. ಕೆಂಟಕಿ, ಇಲಿನಾಯ್, ಆರೆಗಾನ್, ವಿಸ್ಕಾನ್ಸಿನ್‌ಗಳಲ್ಲಿ ಈ ವ್ಯಾಪಾರವೇ ಇಲ್ಲ. ಟೀವಿಯಲ್ಲಿ ಹೆಸರು ಮಾಡಿದ ಡ್ವೇನ್ ಚಾಪ್‌ಮನ್ ಎಂಬವನು 2003ರಲ್ಲಿ ಒಬ್ಬನನ್ನು ಬೆನ್ನಟ್ಟಿ ಮೆಕ್ಸಿಕೊಕ್ಕೆ ಹೋಗಿ ಹಿಡಿದೇಬಿಟ್ಟ. ಅಲ್ಲಿಯ ಪೊಲೀಸರು ಅವನನ್ನೇ ಹಿಡಿದು ಒಳಗೆ ಹಾಕಿದರು. ಗಡಿ ದಾಟಿದ ಕೂಡಲೇ ಅವನೂ ನನ್ನ ಹಾಗೆ ಒಬ್ಬ ಪಾಪದ ಮನುಷ್ಯ. ಕೊನೆಗೆ ಅಳಿಯ ಒಂದು ಸಲಹೆ ಕೊಟ್ಟ: "ಮಾವ, ಪೆಪ್ಪರ್ ಸ್ಪ್ರೇ ಇಟ್ಟುಕೊಳ್ಳಿ."

ಮರುದಿನ ವಕೀಲರ ಹತ್ತಿರ ಇದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಎಂತ ಮಾರಾಯ್ರೆ, ನೀವು ಸಾಕ್ಷಿಕಟ್ಟೆಯಿಂದ ಆರೋಪಿ ಕಟ್ಟೆಗೆ ಹೋಗ್ಲಿಕ್ಕೆ ಹೊರಟದ್ದಾ?"

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ನಮ್ಮಲ್ಲಿ ಜಾಮೀನುದಾರನಿಗೆ ಆರೋಪಿಯನ್ನು ಹಿಡಿಯುವ ಅಧಿಕಾರವೇ ಇಲ್ಲ. ಖಾಸಗಿ ಮನುಷ್ಯ ಯಾರನ್ನಾದರೂ ಹಿಡಿಯಬೇಕಾದರೆ, ಅವನು ಜಾಮೀನು ಹಕ್ಕಾಗಿ ಸಿಗದಂಥ, ವಾರಂಟಿಲ್ಲದೆ ಪೊಲೀಸರು ಹಿಡಿಯಬಹುದಾದ ಅಪರಾಧವನ್ನು ನಮ್ಮ ಕಣ್ಣೆದುರೇ ಮಾಡಿರಬೇಕು, ಇಲ್ಲವೇ ಅವನನ್ನು ತಲೆಮರೆಸಿಕೊಂಡ ಘೋಷಿತ ಅಪರಾಧಿ ಎಂದು ಕೋರ್ಟು ಸಾರಿರಬೇಕು. ಹಾಗೆ ಹಿಡಿದರೂ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಸೆಕ್ಷನ್. ನಮ್ಮ ಹುಡುಗನ ಮೇಲೆ ಬರೀ ವಾರಂಟ್. ಅವನನ್ನು ಜೀಪಿಗೆ ಹತ್ತಿಸಿದರೆ ನಾನೂ ನಾಲ್ವರು ವಾಲಿಬಾಲಿನವರೂ ಅಕ್ರಮ ಬಂಧನದ ಕೇಸಿಗೆ ಬೀಳುತ್ತೇವೆ, ಅದಕ್ಕೆ ಒಂದು ವರ್ಷದವರೆಗೆ ಜೈಲು.

"ಕತ್ತಿ ಅಂದ್ರಲ್ಲ, ಅದು ತೋಟದಲ್ಲಿದ್ದರೆ ಸಾಮಾನು. ಮನುಷ್ಯನ ಮೈಗೆ ತಾಗಿದರೆ ಮಾರಕಾಯುಧ. ಕೋವಿ ಕೊಟ್ಟದ್ದು ಬೆಳೆ ಕಾಯ್ಲಿಕ್ಕೆ, ಅದನ್ನು ಹಿಡ್ಕೊಂಡು ಹೋದ್ರೆ ಲೈಸೆನ್ಸೂ ಹೋಗ್ತದೆ, ನೀವೂ ಹೋಗ್ತೀರಿ." ಪೆಪ್ಪರ್ ಸ್ಪ್ರೇಯನ್ನೂ ಅಪಾಯಕಾರಿ ಆಯುಧವೆಂದು ಪರಿಗಣಿಸಬಹುದೆಂದು ನಮ್ಮ ಹೈಕೋರ್ಟು 2024ರಲ್ಲೇ ಹೇಳಿದೆಯಂತೆ. ವಾರಂಟ್ ಹಿಡಿದ ಪೊಲೀಸರಿಗೂ ಮಿತಿ ಉಂಟು. ಆರೋಪಿ ಓಡದಂತೆ ಎಷ್ಟು ಬೇಕೋ ಅಷ್ಟೇ ನಿರ್ಬಂಧ, ಅದಕ್ಕಿಂತ ಹೆಚ್ಚಿಲ್ಲ.

ಹಾಗಾದರೆ ನನಗೆ ದಾರಿ? ಉಂಟು. ನಾನು ಇನ್ನು ಜಾಮೀನು ನಿಲ್ಲುವುದಿಲ್ಲ ಎಂದು ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಆಗ ಕೋರ್ಟೇ ವಾರಂಟ್ ಹೊರಡಿಸಿ ಅವನನ್ನು ತರಿಸುತ್ತದೆ, ಅವನು ಬಂದ ಮೇಲೆ ನನ್ನ ಬಾಂಡು ಬಿಡುಗಡೆ. ಇಷ್ಟು ಸರಳವಾದದ್ದನ್ನು ಬಾಂಡಿಗೆ ಸಹಿ ಹಾಕಿಸುವಾಗ ನನಗೆ ಯಾರೂ ಹೇಳಿರಲಿಲ್ಲ.

ಹುಡುಗ ಎಲ್ಲಿದ್ದಾನೆಂದು ತಿಳಿದದ್ದು ಮೀನಿನ ಅಕ್ಕನಿಂದ. ಬಂಗುಡೆ ಎಣಿಸುತ್ತ ಅವರು ಹೇಳಿದರು, "ಅವನಾ? ಬೋಟಿನಲ್ಲಿದ್ದಾನೆ, ಮಲ್ಪೆಯಲ್ಲಿ." ಮನೆಯಲ್ಲಿ ಮಂಗಳೂರಿನ ಅಂಗಡಿ ಕೆಲಸ ಎಂದಿದ್ದನಂತೆ. ಆಳಸಮುದ್ರದ ಬೋಟು, ಹೋದರೆ ಹತ್ತು ದಿನ. ವಿಚಾರಣೆಯ ದಿನ ಅವನು ಕಡಲ ನಡುವೆ ಬಲೆ ಎಳೆಯುತ್ತಿದ್ದ.

ಠಾಣೆಗೆ ತಿಳಿಸಿ, ಬೋಟು ಬರುವ ದಿನ ನಸುಕಿಗೇ ದಕ್ಕೆಗೆ ಹೋದೆ. ಜೀಪಿನ ಹುಡುಗರನ್ನು ಕರೆಯಲಿಲ್ಲ. ಐಸಿನ ನೀರು, ಡೀಸೆಲ್, ಮೀನಿನ ಕೆಸರು, ಎಲ್ಲ ಸೇರಿ ಕಾಲು ಜಾರುತ್ತಿತ್ತು. ಅವನು ಬುಟ್ಟಿ ಹೊತ್ತು ಇಳಿದ. ನನ್ನನ್ನು ನೋಡಿ ಬುಟ್ಟಿ ಅಲ್ಲೇ ಇಟ್ಟ. ನಾನು ನಾಲ್ಕು ಮಾರು ದೂರದಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದೆ, ವಕೀಲರು ಹಾಗೆಯೇ ನಿಲ್ಲಲು ಹೇಳಿದ್ದರು. ಓಡಿದರೆ ಓಡಲಿ ಅಂತ. ಅವನ ಬೆರಳೆಲ್ಲ ಹಗ್ಗ ಉಜ್ಜಿ ಬಿರುಕು ಬಿಟ್ಟಿತ್ತು.

"ಮಾವ, ತಾರೀಕು ಮರೆತೇ ಹೋಯ್ತು," ಎಂದ.

"ಅಮ್ಮನಿಗೆ ಸುಳ್ಳು ಹೇಳಿದ್ದು?"

ಅದಕ್ಕೆ ಉತ್ತರವಿಲ್ಲ. ಬೋಟು ನಡೆಸುವ ತಾಂಡೇಲರು ಪಾಲು ಲೆಕ್ಕ ಮಾಡಿ ಕೊಡುವ ತನಕ ಕಾದೆವು. ಸ್ನಾನಕ್ಕೆ ಸಮಯವಿರಲಿಲ್ಲ. ಬಸ್ಸಿನಲ್ಲೂ ಕೋರ್ಟಿನ ಬೆಂಚಿನಲ್ಲೂ ನಮ್ಮ ಪಕ್ಕದವರು ಸರಿದು ಕೂತರು. ವಕೀಲರು ವಾರಂಟ್ ಹಿಂಪಡೆಯುವ ಅರ್ಜಿ ಹಾಕಿದರು. 2,000 ರೂಪಾಯಿ ಕಟ್ಟಿಸಿಕೊಂಡು ನ್ಯಾಯಾಧೀಶರು ಒಪ್ಪಿದರು, ನನ್ನ ನೋಟೀಸೂ ಅಲ್ಲಿಗೆ ಮುಗಿಯಿತು. ದುಡ್ಡು ಅವನ ಪಾಲಿನಿಂದಲೇ ಹೋಯಿತು, ನೋಟಿನಲ್ಲೂ ಮೀನಿನ ವಾಸನೆ.

ನನ್ನ ಬಾಂಡಿನ ಬಿಡುಗಡೆ ಅರ್ಜಿ ಟೈಪಾಗಿ ವಕೀಲರ ಫೈಲಿನಲ್ಲಿದೆ, ಇನ್ನೂ ಸಹಿ ಹಾಕಿಲ್ಲ. ಮುಂದಿನ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ತಾಂಡೇಲರ ನಂಬರನ್ನೂ ಪಕ್ಕದಲ್ಲೇ ಬರೆದಿಟ್ಟಿದ್ದೇನೆ.