ಬಾವಿ ಇಲ್ಲದ ಮನೆಗೆ ಕದಿರು

ವಿಜಯದಶಮಿ ಕಳೆದು ಎರಡು ದಿನ ಆಯಿತು. ಕುತ್ತಿಗೆಯ ಹಿಂದೆ ತುರಿಕೆ ಇನ್ನೂ ಇದೆ. ಎಂತಾದರೂ ಹಚ್ಚಿಕೊಳ್ಳಿ ಅಂತ ಹೆಂಡತಿ ನಾಲ್ಕು ಸಲ ಹೇಳಿದಳು. ನಾನು ಸುಮ್ನೆ ಇದ್ದೇನೆ. ಭತ್ತದ ಎಲೆಯ ಅಂಚು ಗರಗಸದ ಹಾಗೆ. ಒಮ್ಮೆ ತಾಗಿದರೆ ಬೆವರು ಇಳಿದಾಗಲೆಲ್ಲ ಚುರುಚುರು. ಚಿಕ್ಕಂದಿನಲ್ಲಿ ನಾನು ತುರಿಸಿಕೊಂಡು ಅತ್ತರೆ ಅಜ್ಜಿ ಹೇಳುತ್ತಿದ್ದಳು, "ಅದು ದೇವಿ ಮುಟ್ಟಿದ್ದು ಮಗಾ, ತೊಳೀಬೇಡ."

ವಿಜಯದಶಮಿಗೆ ಮನೆಗೆ ಕಟ್ಟುವ ಕದಿರು, ಅಂದರೆ ಹೊಸ ಭತ್ತದ ತೆನೆ, ಈ ಸಲ ಹೊತ್ತದ್ದು ನಾನೇ. ಪೆರ್ಡೂರಿನ ಕಡೆ ಸ್ನೇಹಿತನ ಮನೆಯವರು ಇನ್ನೂ ಏಣಿಲು, ಅಂದರೆ ಮಳೆಗಾಲದ ಭತ್ತದ ಬೆಳೆ ತೆಗೆಯುತ್ತಾರೆ. ಕೊಯ್ಯುವ ಯಂತ್ರ ಗದ್ದೆಗೆ ಇಳಿಯುವ ಮೊದಲೇ ಮೂಲೆಯ ಒಂದು ಹಿಡಿ ನಮಗೆ ಅಂತ ಬಿಟ್ಟಿದ್ದರು. ತಲೆಗೆ ಬೈರಾಸು ಸುತ್ತಿ, ಕದಿರಿನ ಕಟ್ಟು ಇಟ್ಟುಕೊಂಡು ಕಾರಿನವರೆಗೆ ನಡೆದೆ. ಕಾರಿನಲ್ಲಿ ಮಡಿಲ ಮೇಲೆ. ಉಡುಪಿಯ ಕಡಿಯಾಳಿಯಲ್ಲಿ ಇಳಿದು ಮತ್ತೆ ತಲೆಯ ಮೇಲೆ. ಮಣಿಪಾಲದ ಬಸ್ಸಿನಲ್ಲಿದ್ದ ಹುಡುಗರು ಕಿಟಕಿಯಿಂದ ಬಗ್ಗಿ ನೋಡಿದರು. ನೋಡಲಿ.

ಕಡಿಯಾಳಿ ಗುಡಿಯ ಮಹಿಷಮರ್ದಿನಿಯ ಎದುರು ಕಟ್ಟು ಇಳಿಸಿದೆ. ಉಡುಪಿಯ ಸುತ್ತ ಕಾವಲಿಗೆ ನಾಲ್ವರು ದುರ್ಗೆಯರು ಅನ್ನುತ್ತಾರಲ್ಲ, ಕಡಿಯಾಳಿ, ಬೈಲೂರು, ಕನ್ನರ್ಪಾಡಿ, ಪುತ್ತೂರು. ಅಜ್ಜಿ ನವರಾತ್ರಿಯಲ್ಲಿ ಒಂದೇ ದಿನ ನಾಲ್ಕಕ್ಕೂ ನಡೆದೇ ಹೋಗಿಬರುತ್ತಿದ್ದಳು. ಆದರೂ ಕಡಿಯಾಳಿಯವಳು ಅವಳಿಗೆ ನೆರೆಮನೆಯವಳ ಹಾಗೆ. ಪೂರ್ತಿ ಜಗಳ, ಪೂರ್ತಿ ಸಲಿಗೆ. 2022ರ ಬ್ರಹ್ಮಕಲಶದ ನಂತರ ಗುಡಿ ಹೊಸತಾಗಿದೆ. ಒಳಗಿರುವವಳು ಮಾತ್ರ ಅವಳೇ.

ನನಗೆ ಆರೋ ಏಳೋ ವರ್ಷ. ಆ ದಿನ ಅಜ್ಜಿಯ ಕೈ ಹಿಡಿದು ಇದೇ ನಡೆಯಲ್ಲಿ ನಿಂತು ಕೇಳಿದ್ದೆ. "ನಮ್ಮ ಗದ್ದೆ ಉಳುವುದು ಕೋಣ ಅಲ್ವಾ? ದೇವಿ ಯಾಕೆ ಕೋಣವನ್ನೇ ಕೊಂದಳು?" ಹಿಂದೆ ನಿಂತವರು ನಕ್ಕರು. ಅಜ್ಜಿ ನಗಲಿಲ್ಲ. ಸ್ವಲ್ಪ ಹೊತ್ತು ದೇವಿಯನ್ನೇ ನೋಡಿದಳು, ಅವಳನ್ನೇ ಕೇಳಿ ಹೇಳುವವಳ ಹಾಗೆ. "ಕೊಂದದ್ದಲ್ಲ ಮಗಾ. ಸೊಕ್ಕು ಇಳಿಸಿ ಹಟ್ಟಿಗೆ ಕಟ್ಟಿದ್ದು. ಇಲ್ಲದಿದ್ರೆ ನಮ್ಮ ಗದ್ದೆ ಉಳುವವರು ಯಾರು?" ದೇವೀ ಮಹಾತ್ಮೆಯ ಯಕ್ಷಗಾನ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮಹಿಷಾಸುರ ದೀವಟಿಗೆ ಹಿಡಿದು ಅಬ್ಬರಿಸಿಕೊಂಡು ಬರುವಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಹಟ್ಟಿ.

ಆ ಹಟ್ಟಿಯೂ ಇಲ್ಲ, ಗದ್ದೆಯೂ ಇಲ್ಲ. ತುಳುನಾಡಿನಲ್ಲಿ ಗದ್ದೆಗೆ ಮೂರು ಜಾತಿ. ನೀರು ನಿಲ್ಲುವ ಬೈಲು, ನಡುವಿನ ಮಜಲು, ಮಳೆಯನ್ನೇ ನಂಬಿದ ಬೆಟ್ಟು. ಕಡಿಯಾಳಿ ದಾಟಿದರೆ ಕುಂಜಿಬೆಟ್ಟು, ಆ ಕಡೆ ಬೈಲೂರು. ಈಗ ಅಲ್ಲಿ ಬೆಳೆಯುವುದು ಲಿಫ್ಟ್ ಇರುವ ಕಟ್ಟಡಗಳು. ದೂರುವುದಕ್ಕೆ ನನಗೆ ಬಾಯಿಲ್ಲ, ನಾನೂ ಅಂಥದ್ದೇ ಒಂದರ ಮೂರನೇ ಮಹಡಿಯಲ್ಲಿದ್ದೇನೆ. ಆದರೆ ಇಪ್ಪತ್ತನಾಲ್ಕು ಮನೆಗಳಲ್ಲಿ ಕದಿರು ಕಟ್ಟಿದ ಬಾಗಿಲು ಮೂರೇ. ಒಂದು ವರ್ಷ ಯಾರೋ ಅದನ್ನು ಕಸ ಅಂತ ಕಿತ್ತು ಹಾಕಿದ್ದರು. ಶ್ರೀಕೃಷ್ಣ ಮಠದಲ್ಲಿ ವಿಜಯದಶಮಿಗೆ ಕದಿರು ಕಟ್ಟುವುದನ್ನು ಮೊಬೈಲಿನಲ್ಲಿ ನೋಡಿ ಕೈ ಮುಗಿಯುತ್ತೇವೆ. ನಮ್ಮ ಹೊಸಿಲಿಗೆ ಐದು ತೆನೆ ಕಟ್ಟುವುದಕ್ಕೆ ಪುರುಸೊತ್ತಿಲ್ಲ. ಅಕ್ಕಿ ಚೀಲದಲ್ಲಿ ಹುಟ್ಟುತ್ತದೆ ಅಂತ ಮಕ್ಕಳು ತಿಳಿದರೆ ತಪ್ಪು ಯಾರದ್ದು? ಇರಲಿ.

ಮನೆಗೆ ಬಂದು ಮಾವಿನೆಲೆ, ಹಲಸಿನೆಲೆ, ಬಿದಿರೆಲೆ ಸೇರಿಸಿ ಬಾಳೆನಾರಿನಲ್ಲಿ ಕಟ್ಟಿದೆವು. ಒಂದೊಂದು ಕಟ್ಟಿಗೂ "ಪೊಲಿ ಪೊಲಿ" ಅನ್ನಬೇಕು. ಪೊಲಿ ಅಂದರೆ ತುಳುವಿನಲ್ಲಿ ಸಮೃದ್ಧಿ, ಹೆಚ್ಚಲಿ ಅಂತ. ಅಜ್ಜಿ ಅದನ್ನು ಬಾವಿಕಟ್ಟೆಯವರೆಗೆ ಕೇಳುವ ಹಾಗೆ ಕೂಗುತ್ತಿದ್ದಳು. ನಾನು ಪಕ್ಕದ ಮನೆಯವರಿಗೆ ಕೇಳೀತು ಅಂತ ಮೆಲ್ಲ ಹೇಳಿದೆ. ದೇವರ ಕೋಣೆಗೆ ಒಂದು. ಬಾಗಿಲಿಗೆ ಒಂದು. ಬೈಹುಲ್ಲಿನ ಅಕ್ಕಿ ಮುಡಿಗೆ ಕಟ್ಟುತ್ತಿದ್ದದ್ದು ಈಗ ಅಕ್ಕಿ ಡಬ್ಬಕ್ಕೆ. ಬಾಲ್ಕನಿಯ ತುಳಸಿಗೆ, ಸ್ಕೂಟರಿನ ಹ್ಯಾಂಡಲಿಗೆ.

ಕೈಯಲ್ಲಿ ಒಂದು ಉಳಿಯಿತು. ಅದು ಬಾವಿಯ ಪಾಲು.

ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತೆ. ಮಗಳು ಅದನ್ನು ತೆಗೆದುಕೊಂಡು ಅಡುಗೆ ಮನೆಯ ನಲ್ಲಿಗೆ ಕಟ್ಟಿದಳು. ಬಜೆ ಅಣೆಕಟ್ಟಿನಿಂದ ಬರುವ ಸ್ವರ್ಣಾ ನದಿಯ ನೀರು. ನಮ್ಮ ಬಾವಿ ಈಗ ಅದೇ ಅಲ್ವಾ? ನಲ್ಲಿ ತಿರುಗಿಸಿದಳು. ತೆನೆಯ ತುದಿಯಿಂದ ಹನಿ ಇಳಿಯಿತು. "ಪೊಲಿ" ಅಂದಳು. ಜೋರಾಗಿಯೇ ಅಂದಳು.

ಮಧ್ಯಾಹ್ನ ಹೊಸ್ತು. ತೆನೆಯ ಕಾಳು ಸುಲಿದು ಪಾಯಸಕ್ಕೆ ಹಾಕಿದ್ದೆವು. ನಮ್ಮಲ್ಲಿ ಹೊಸ ಅಕ್ಕಿಯ ಮೊದಲ ತುತ್ತು ಬಾಯಿಗಿಡುವ ಮುಂಚೆ ಕಿರಿಯರು ಹಿರಿಯರಿಗೆ ಹೇಳಬೇಕು, "ಹೊಸ್ತು ಉಣ್ತೇನೆ" ಅಂತ. ಅವರು "ಉಣ್ಣು" ಅಂದ ಮೇಲೆಯೇ ತುತ್ತು. ಅಜ್ಜಿ ಹೋದ ಮೇಲೆ ಅಪ್ಪನಿಗೆ ಹೇಳುತ್ತಿದ್ದೆ, ಅಪ್ಪನ ನಂತರ ಅಮ್ಮನಿಗೆ. ಹೋದ ವರ್ಷ ಅಮ್ಮ ಹೋದಳು, ಸೂತಕದ ವರ್ಷ ಅಂತ ಹಬ್ಬವೇ ಇರಲಿಲ್ಲ. ಈ ಸಲ ಮಗಳು ಹೇಳಿದಳು, ಹೆಂಡತಿ ಹೇಳಿದಳು. ಇಬ್ಬರಿಗೂ "ಉಣ್ಣು" ಅಂದೆ. ಆಮೇಲೆ ಎಲೆಯ ಮುಂದೆ ಕೈ ಇಟ್ಟುಕೊಂಡು ಕೂತೆ. ನಾನು ಯಾರಿಗೆ ಹೇಳಲಿ?

ಮೇಲಿನ ಮಹಡಿಯಲ್ಲಿ ಬಾಯಮ್ಮ ಇದ್ದಾರೆ. ಎಂಬತ್ತು ದಾಟಿದೆ. ಸೆಪ್ಟೆಂಬರ್ 8, ಮರಿಯಮ್ಮ ಹುಟ್ಟಿದ ದಿನದ ಮೊಂತಿ ಹಬ್ಬಕ್ಕೆ ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿದ ತೆನೆ ಅವರ ಮನೆಯಲ್ಲಿ ಮರಿಯಮ್ಮನ ಪಟದ ಹಿಂದೆ ಇನ್ನೂ ಇದೆ. ಕದಿರು ಕಟ್ಟಿದ ಮೂರು ಬಾಗಿಲು ಅಂದೆನಲ್ಲ, ಅದರಲ್ಲಿ ಒಂದು ಅವರದ್ದು. ಎಲೆ ಬಿಟ್ಟು ಎದ್ದೆ. ಮೆಟ್ಟಿಲು ಹತ್ತಿ ಬೆಲ್ ಒತ್ತಿದೆ. ಬಾಗಿಲು ತೆರೆಯುವುದಕ್ಕೆ ಅವರಿಗೆ ಹೊತ್ತು ಬೇಕು.

"ಬಾಯಮ್ಮ, ಹೊಸ್ತು ಉಣ್ತೇನೆ."

ಅವರು ಎಂತ, ಯಾಕೆ ಅಂತ ಕೇಳಲಿಲ್ಲ. ಬೈರಾಸಿನ ಮೇಲೆ ಅಂಟಿದ್ದ ಭತ್ತದ ಹೊಟ್ಟನ್ನು ಬೆರಳಲ್ಲಿ ತೆಗೆದು ಹಾಕಿದರು.

"ಉಣ್ಣು ಮಗಾ. ಬೆಲ್ಲ ಸರಿ ಹಾಕಿದ್ದೀರಾ? ನನಗೂ ಸ್ವಲ್ಪ ಕಳಿಸು."